ದೀಪವೇಕೆ ಉರಿಯಲಿಲ್ಲ?

ಕಲ್ಲಿಕೋಟೆಯಿಂದ ಹೊರಡುವ 766ನೆಯ ರಾಷ್ಟ್ರೀಯ ಹೆದ್ದಾರಿಯು ಬಂಡೀಪುರದ ಕಾಡನ್ನು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರುಗಳನ್ನು ಹಾದು, ತಿರುಮಕೂಡಲು ನರಸೀಪುರದ ಮೂಲಕ ಕೊಳ್ಳೇಗಾಲವನ್ನು ಸೇರುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಗೂ ನರಸೀಪುರದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳಕ್ಕೂ ಯಾತ್ರಿಕರನ್ನು ಕರೆತರುವ ಎಷ್ಟೋ ಕಾರುಗಳು ಈ ದಾರಿಯಲ್ಲಿ ಸಾಗುತ್ತವೆ. ಕಾಡಿನೊಳಗಿನ ಭಾಗದಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಆ ಹೊತ್ತಿಗೆ ಮುಂಚೆ ಕಾಡನ್ನು ದಾಟಬೇಕೆಂದು ಮುಸ್ಸಂಜೆಯಲ್ಲಿ ಹೊರಟ ಕಾರಿನ ದೀಪಗಳು ನಡುದಾರಿಯಲ್ಲಿ ಥಟ್ಟನೆ ಆರಿಹೋದರೆ, ಅದರೊಳಗಿರುವ ವೃದ್ಧರ, ಮಕ್ಕಳ ಪಾಡೇನು? ಇಂತಹ ಸಂಕಟಕ್ಕೆ ಕಾರಣವು ಅನೇಕ ವೇಳೆ ಯಂತ್ರದ ದೊಡ್ಡ ಭಾಗವಲ್ಲ. ಆಮೇಲೆ ಜೋಡಿಸಿದ ಒಂದು ತಂತಿ ಮಾತ್ರ.

ಕಾರನ್ನು ತಯಾರಿಸುವವರು ಪ್ರತಿಯೊಂದು ದೀಪಕ್ಕೂ ಪ್ರತಿಯೊಂದು ಮೋಟಾರಿಗೂ ಎಷ್ಟು ವಿದ್ಯುತ್ತು ಬೇಕೆಂದು ಲೆಕ್ಕಹಾಕಿ, ಅದಕ್ಕೆ ತಕ್ಕ ದಪ್ಪದ ತಂತಿಗಳನ್ನು ಹಾಸಿರುತ್ತಾರೆ. ಕೊಂಡವರು ತರುವಾಯ ಮಂಜುದೀಪಗಳನ್ನೂ ಧ್ವನಿಯಂತ್ರವನ್ನೂ ಕ್ಯಾಮೆರಾವನ್ನೂ ಕೂಡಿಸುವುದುಂಟು. ಹಾಗೆ ಕೂಡಿಸುವುದು ತಪ್ಪಲ್ಲ. ಮೊದಲಿನ ಲೆಕ್ಕವನ್ನು ಮರೆತು ಕೂಡಿಸುವುದೇ ತಪ್ಪು.

ವಿದ್ಯುತ್ತಿನ ನಡೆಯನ್ನು ಅರಿಯಲು ನಂಜನಗೂಡಿನ ತೇರನ್ನು ನೆನೆಯಬಹುದು. ಗೌತಮ ಪಂಚಮಹಾರಥೋತ್ಸವದಂದು ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ರಥಗಳು ಹೊರಟು, ರಥಬೀದಿಯನ್ನು ಸುತ್ತಿ, ಮರಳಿ ತಮ್ಮ ನೆಲೆಗೆ ಬಂದು ನಿಲ್ಲುತ್ತವೆ. ಬೀದಿಯ ಯಾವ ಮೂಲೆಯಲ್ಲಿ ಅಡ್ಡಿಯುಂಟಾದರೂ ಸುತ್ತು ಪೂರ್ಣವಾಗುವುದಿಲ್ಲ. ವಿದ್ಯುನ್ಮಂಡಲವೂ ಹಾಗೆಯೇ. ಬ್ಯಾಟರಿಯ ಧನಾಗ್ರದಿಂದ ಹೊರಟ ಪ್ರವಾಹವು ಫ್ಯೂಸನ್ನೂ ಸ್ವಿಚ್ಚನ್ನೂ ದೀಪವನ್ನೂ ಹಾದು ಋಣಾಗ್ರಕ್ಕೆ ಹಿಂತಿರುಗಬೇಕು. ಕಾರಿನಲ್ಲಿ ಈ ಹಿಂತಿರುಗುವ ದಾರಿಗೆ ಬಹುಮಟ್ಟಿಗೆ ಬೇರೆ ತಂತಿಯಿರುವುದಿಲ್ಲ. ಕಾರಿನ ಲೋಹದ ಒಡಲೇ ಆ ಕೆಲಸವನ್ನು ಮಾಡುತ್ತದೆ. ಕುಶಲಕರ್ಮಿಗಳು ಇದನ್ನು ‘ಅರ್ತ್’ ಎನ್ನುತ್ತಾರೆ. ಕಣ್ಣಿಗೆ ಕಾಣುವ ತಂತಿಯನ್ನಷ್ಟೇ ಪರೀಕ್ಷಿಸುವವನು ಅರ್ಧ ದಾರಿಯನ್ನು ಮಾತ್ರ ನೋಡಿದಂತಾಗುತ್ತದೆ.

ಎರಡನೆಯ ಪಾಠವನ್ನು ನರಸೀಪುರದ ಸಂಗಮವು ಕಲಿಸುತ್ತದೆ. ಅಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಸಂಗಮದಿಂದ ಮುಂದಿನ ಪಾತ್ರವು ಎರಡು ನದಿಗಳ ನೀರನ್ನೂ ಹೊರಬೇಕು. ಸಂಧಿಗೆ ಬಂದು ಸೇರುವ ಪ್ರವಾಹಗಳ ಮೊತ್ತವು ಅಲ್ಲಿಂದ ಹೊರಡುವ ಪ್ರವಾಹಗಳ ಮೊತ್ತಕ್ಕೆ ಸಮವೆಂಬ ನಿಯಮವನ್ನು ವಿದ್ಯುತ್ತಿನ ವಿಷಯದಲ್ಲಿ 1845ರಲ್ಲಿ ನಿರೂಪಿಸಿದವನು ಜರ್ಮನಿಯ ಗುಸ್ತಾವ್ ಕಿರ್ಚಾಫ್. ಆಗ ಅವನಿನ್ನೂ ವಿದ್ಯಾರ್ಥಿಯಾಗಿದ್ದನು.

ಒಂದು ಉದಾಹರಣೆಯನ್ನು ನೋಡಬಹುದು. ಕಾರಿನಲ್ಲಿ ಮೊದಲೇ ಇದ್ದ ಒಂದು ತೆಳುವಾದ ತಂತಿಯಲ್ಲಿ 3 ಆಂಪಿಯರ್ ಹರಿಯುತ್ತಿದೆ; ಅದರ ಕಾವಲಿಗೆ 10 ಆಂಪಿಯರಿನ ಫ್ಯೂಸ್ ಇದೆ. ಅದೇ ತಂತಿಯ ಸಿಪ್ಪೆಯನ್ನು ಸುಲಿದು, ತಲಾ 55 ವ್ಯಾಟಿನ ಎರಡು ಮಂಜುದೀಪಗಳನ್ನು ಜೋಡಿಸಲಾಯಿತು. 110 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪಿಯರ್ ಬರುತ್ತದೆ. ಧ್ವನಿಯಂತ್ರಕ್ಕೆ ಇನ್ನೊಂದು 4. ಒಟ್ಟು 16 ಆಂಪಿಯರ್! ಸ್ವಲ್ಪ ಹೊತ್ತಿನಲ್ಲಿಯೇ ಫ್ಯೂಸ್ ಕರಗುತ್ತದೆ, ದೀಪಗಳು ಆರುತ್ತವೆ.

ಇಲ್ಲಿಯೇ ಬುದ್ಧಿಯ ಪರೀಕ್ಷೆ. ಫ್ಯೂಸ್ ಹೋದುದು ರೋಗವಲ್ಲ, ರೋಗದ ಲಕ್ಷಣ. ಆದರೆ ಅವಸರದವನು ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸನ್ನು ಕಿತ್ತು, ಹಸಿರು ಬಣ್ಣದ 30 ಆಂಪಿಯರ್ ಫ್ಯೂಸನ್ನೋ ತಾಮ್ರದ ಎಳೆಯನ್ನೋ ಸಿಕ್ಕಿಸುತ್ತಾನೆ. ದೀಪವೇನೋ ಬೆಳಗುತ್ತದೆ. ಕಾವಲುಗಾರನು ಮಾತ್ರ ಇಲ್ಲವಾಗುತ್ತಾನೆ. ಅರ್ಧ ಚದರ ಮಿಲಿಮೀಟರ್ ದಪ್ಪದ, 5 ಮೀಟರ್ ಉದ್ದದ ತಾಮ್ರದ ತಂತಿಯ ರೋಧವು ಸುಮಾರು 0.17 ಓಮ್. ಅದರಲ್ಲಿ 8 ಆಂಪಿಯರ್ ಹರಿದರೆ ಸುಮಾರು 11 ವ್ಯಾಟಿನಷ್ಟು ಶಾಖವುಂಟಾಗುತ್ತದೆ. 16 ಆಂಪಿಯರ್ ಹರಿದರೆ 22 ಅಲ್ಲ, ಸುಮಾರು 44 ವ್ಯಾಟ್. ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆಂಬುದು ಜೂಲನ ನಿಯಮ. ಈ ಶಾಖವು ಜಮಖಾನೆಯ ಅಡಿಯಲ್ಲಿ, ಇತರ ತಂತಿಗಳ ಕಟ್ಟಿನೊಳಗೆ ಹೊರಹೋಗಲಾರದೆ ಕೂಡುತ್ತದೆ. ತಂತಿಯ ಹೊದಿಕೆ ಮೆತ್ತಗಾಗಿ ಕರಗುತ್ತದೆ. ಒಳಗಿನ ತಾಮ್ರವು ಕಾರಿನ ಒಡಲನ್ನು ಮುಟ್ಟಿದೊಡನೆ ಹ್ರಸ್ವಮಂಡಲವುಂಟಾಗಿ ಬೆಂಕಿ ಏಳುತ್ತದೆ. ಕೆಲವೇ ರೂಪಾಯಿ ಬೆಲೆಯ ಫ್ಯೂಸನ್ನು ವಂಚಿಸಿದುದಕ್ಕೆ ಕಾರನ್ನೂ, ಕೆಲವೊಮ್ಮೆ ಪ್ರಾಣವನ್ನೂ ತೆರಬೇಕಾಗುತ್ತದೆ.

ಹಾಗಾದರೆ ದೋಷವನ್ನು ಹುಡುಕುವ ಬಗೆ ಯಾವುದು? ಒಳ್ಳೆಯ ವೈದ್ಯನು ಮೊದಲು ರೋಗಿಯನ್ನು ಪ್ರಶ್ನಿಸುತ್ತಾನೆ. ಅಂತೆಯೇ ಕುಶಲಕರ್ಮಿಯ ಮೊದಲ ಪ್ರಶ್ನೆ: ‘ಕಡೆಯದಾಗಿ ಏನನ್ನು ಜೋಡಿಸಿದಿರಿ?’ ಎರಡನೆಯದು ಕಣ್ಣಿನ ಪರೀಕ್ಷೆ: ಬ್ಯಾಟರಿಯ ಹಿಡಿಕೆಗಳು ಸಡಿಲವಾಗಿವೆಯೇ, ಇಲಿ ಕಡಿದ ಗುರುತಿದೆಯೇ, ಎಲ್ಲಿಯಾದರೂ ಸುಟ್ಟ ವಾಸನೆ ಬರುತ್ತಿದೆಯೇ? ಆ ಬಳಿಕ ಮಾಪಕವನ್ನು ಹಿಡಿದು, ಬ್ಯಾಟರಿಗೂ ದೀಪಕ್ಕೂ ನಡುವಿನ ಸಂಧಿಯೊಂದರಲ್ಲಿ ವೋಲ್ಟನ್ನು ಅಳೆಯಬೇಕು. ಅಲ್ಲಿ 12 ವೋಲ್ಟ್ ಇದ್ದರೆ ದೋಷವು ಅದರಿಂದ ಮುಂದೆ, ಇಲ್ಲದಿದ್ದರೆ ಹಿಂದೆ. ಉಳಿದ ಅರ್ಧವನ್ನು ಮತ್ತೆ ಇಬ್ಭಾಗ ಮಾಡಬೇಕು. ದಾರಿಯಲ್ಲಿ ಎಂಟು ಭಾಗಗಳಿದ್ದರೂ ಮೂರೇ ಅಳತೆಗಳಲ್ಲಿ ಕೆಟ್ಟ ಭಾಗವು ಸಿಕ್ಕಿಬೀಳುತ್ತದೆ. ಕಂಡಕಂಡ ತಂತಿಗಳನ್ನೆಲ್ಲ ಕಿತ್ತುನೋಡುವವನಿಗೆ ಇಡೀ ದಿನವೂ ಸಾಲದು.

ದೀಪವು ಆರದೆ ಮಂಕಾಗಿ ಉರಿಯುತ್ತಿದ್ದರೆ ಹಿಂತಿರುಗುವ ದಾರಿಯನ್ನು ಸಂಶಯಿಸಬೇಕು. ‘ಅರ್ತ್’ ತಂತಿಯನ್ನು ಬಣ್ಣ ಬಳಿದ ತಗಡಿಗೆ ಹಾಗೆಯೇ ತಿರುಪಿದ್ದರೆ ಬಣ್ಣವು ಪ್ರವಾಹಕ್ಕೆ ಅಡ್ಡಿಯಾಗುತ್ತದೆ. ನದೀತೀರದ ತೇವದಿಂದಲೂ ಗದ್ದೆಯ ಕೆಸರಿನಿಂದಲೂ ತಿರುಪಿಗೆ ತುಕ್ಕು ಹಿಡಿಯುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ದೀಪವನ್ನು ಹೊತ್ತಿಸಿ, ಅದರ ‘ಅರ್ತ್’ ತುದಿಗೂ ಬ್ಯಾಟರಿಯ ಋಣಾಗ್ರಕ್ಕೂ ನಡುವೆ ಮಾಪಕವನ್ನಿಟ್ಟರೆ ಸೊನ್ನೆಗೆ ಸಮೀಪದ ಅಂಕಿ ಬರಬೇಕು. ಅರ್ಧ ವೋಲ್ಟನ್ನು ಮೀರಿದರೆ ಆ ಸಂಧಿಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಬೇಕು.

ಮತ್ತೊಂದು ದೋಷವು ಸದ್ದಿಲ್ಲದ ಕಳ್ಳನಂತೆ. ಬೀಗದ ಕೈ ತೆಗೆದ ಮೇಲೂ ಅರ್ಧ ಆಂಪಿಯರನ್ನು ಹೀರುವ ಪರಿಕರವಿದ್ದರೆ, ಮೂರು ದಿನಗಳ 72 ಗಂಟೆಗಳಲ್ಲಿ 36 ಆಂಪಿಯರ್-ಗಂಟೆಗಳಷ್ಟು ವಿದ್ಯುತ್ತು ಬರಿದಾಗುತ್ತದೆ. 40 ಆಂಪಿಯರ್-ಗಂಟೆಗಳ ಬ್ಯಾಟರಿಯಲ್ಲಿ ಆಮೇಲೆ ಉಳಿಯುವುದೇನು? ಒಡೆಯನು ಬ್ಯಾಟರಿಯನ್ನು ದೂರುತ್ತಾನೆ, ಹೊಸದನ್ನು ಕೊಳ್ಳುತ್ತಾನೆ, ಅದೂ ಬರಿದಾಗುತ್ತದೆ. ಪರಿಕರಗಳನ್ನು ಒಂದೊಂದಾಗಿ ಕಳಚಿ, ಯಾವುದನ್ನು ತೆಗೆದಾಗ ಸೋರಿಕೆ ನಿಲ್ಲುವುದೆಂದು ಮಾಪಕದಲ್ಲಿ ನೋಡುವುದೇ ಇದಕ್ಕೆ ಪರಿಹಾರ.

ಸರಿಯಾದ ಜೋಡಣೆಯು ಕಷ್ಟವೇನಲ್ಲ. ಹೆಚ್ಚು ಪ್ರವಾಹವನ್ನು ಬಯಸುವ ದೀಪಗಳಿಗೆ ಬ್ಯಾಟರಿಯಿಂದಲೇ ಬೇರೆಯಾದ ದಪ್ಪ ತಂತಿಯನ್ನು ಎಳೆಯಬೇಕು. ಅದರ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು. ಏಕೆಂದರೆ ಫ್ಯೂಸಿಗಿಂತ ಹಿಂದಿರುವ ತಂತಿಯನ್ನು ಆ ಫ್ಯೂಸ್ ಕಾಯಲಾರದು. ಚಾಲಕನ ಸ್ವಿಚ್ಚಿನಲ್ಲಿ ಅಲ್ಪ ಪ್ರವಾಹವು ಮಾತ್ರ ಹರಿದು ‘ರಿಲೇ’ ಎಂಬ ಉಪಕರಣವನ್ನು ಎಬ್ಬಿಸಬೇಕು. ದೊಡ್ಡ ಪ್ರವಾಹವನ್ನು ರಿಲೇ ನಡೆಸಿಕೊಡುತ್ತದೆ. ತಗಡಿನ ರಂಧ್ರದಲ್ಲಿ ತಂತಿ ಹಾಯುವೆಡೆ ರಬ್ಬರಿನ ಬಳೆಯಿರಬೇಕು. ಇಂದಿನ ಕಾರುಗಳಲ್ಲಿ ಕಂಪ್ಯೂಟರುಗಳೂ ಅಪಘಾತದಲ್ಲಿ ಉಬ್ಬುವ ಗಾಳಿಚೀಲಗಳೂ ಇರುವುದರಿಂದ ಅವುಗಳ ತಂತಿಗಳನ್ನು ಬಲ್ಲವರಲ್ಲದೆ ಇತರರು ಮುಟ್ಟಲಾಗದು. ವಿದ್ಯಾರ್ಥಿಗಳು ಟಾರ್ಚಿನ ಕೋಶ, ಪುಟ್ಟ ಬಲ್ಬು, ಒಂದು ತುಂಡು ತಂತಿಗಳಿಂದ ಈ ಹುಡುಕಾಟವನ್ನೆಲ್ಲ ಅಭ್ಯಾಸ ಮಾಡಬಹುದು.

ತಂತಿಗೆ ಮಾತು ಬಾರದು. ಆದರೂ ಮಂಕಾದ ದೀಪ, ಕರಗಿದ ಫ್ಯೂಸ್, ಬಿಸಿಯಾದ ಸ್ವಿಚ್ಚುಗಳ ಮೂಲಕ ಅದು ತನ್ನ ಸಂಕಟವನ್ನು ತಿಳಿಸುತ್ತಲೇ ಇರುತ್ತದೆ. ಆ ಸೂಚನೆಯ ಬಾಯಿಯನ್ನು ಮುಚ್ಚದೆ, ಅದರ ಮೂಲವನ್ನು ತಾಳ್ಮೆಯಿಂದ ಅರಸಿ ಹೊರಡುವವನೇ ನಿಜವಾದ ಕುಶಲಕರ್ಮಿ. ಅವನ ಕೈಯಲ್ಲಿ ಸಿದ್ಧವಾದ ಕಾರು ಕತ್ತಲ ದಾರಿಯಲ್ಲಿಯೂ ತನ್ನನ್ನು ನಂಬಿದವರನ್ನು ಸುಖವಾಗಿ ಮನೆಗೆ ಮುಟ್ಟಿಸುತ್ತದೆ.