ತಿದ್ದಿದ ಚಿತ್ರಗಳನ್ನು ಕಾಪಾಡಿಕೊಳ್ಳುವ ಬಗೆ

ಹಾಸನದಿಂದ ಬೇಲೂರಿಗೆ ಹೋಗುವ ಮಾರ್ಗದಲ್ಲಿ ಹಗರೆಯನ್ನು ಮುಟ್ಟಿದವರಿಗೆ ಹಳೇಬೀಡು ದೂರವಲ್ಲ. ಅಲ್ಲಿಯ ಹೊಯ್ಸಳೇಶ್ವರ ದೇವಾಲಯದ ಛಾಯಾಚಿತ್ರಗಳನ್ನು 1856ರಲ್ಲಿಯೇ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಆಂಗ್ಲ ಸೈನ್ಯಾಧಿಕಾರಿಗಳು ತೆಗೆದಿದ್ದರು. 1859ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಪ್ರಕಟವಾದವು. ಅವರು ಬಳಸಿದ ಕ್ಯಾಮೆರಾವನ್ನಾಗಲಿ ರಾಸಾಯನಿಕಗಳನ್ನಾಗಲಿ ನಾವು ಇಂದು ಹುಡುಕಬೇಕಾಗಿಲ್ಲ. ಕಾಗದದ ಮೇಲೆ ಮೂಡಿದ ಆ ಚಿತ್ರಗಳನ್ನು ನೋಡುವುದಕ್ಕೆ ಬೆಳಕೂ ಕಣ್ಣೂ ಇದ್ದರೆ ಸಾಕು. ಹೀಗಿರಲಾಗಿ, ಹತ್ತು ಹದಿನೈದು ವರ್ಷಗಳ ಕೆಳಗೆ ನಾವೇ ಕಂಪ್ಯೂಟರಿನಲ್ಲಿ ಕುಳಿತು ಅಂದಗೊಳಿಸಿಟ್ಟ ಚಿತ್ರಗಳು, ಕಂಪ್ಯೂಟರು ಬದಲಾದೊಡನೆ ತಿದ್ದುವುದಕ್ಕೆ ಮುಂಚಿನ ರೂಪಕ್ಕೆ ಹಿಂದಿರುಗುವುದೇಕೆ? ಈ ಪ್ರಶ್ನೆಯನ್ನು ಅನೇಕರು ಕೇಳುತ್ತಿರುವುದರಿಂದ, ಪೂರ್ವ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ಉಪಯೋಗವಾಗಬಹುದೆಂದು ಈ ಕೆಲವು ಮಾತುಗಳನ್ನು ಬರೆಯಲಾಗಿದೆ.

ಹಗರೆಯ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಆ ಮನೆಯ ಮಗಳು ತನ್ನ ತಾಯಿಯ ತರಗತಿಯ ಗ್ರೂಪ್ ಫೋಟೋವನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿದಳು. ಚಿತ್ರವು ಮಾಸಿತ್ತು, ಒಂದು ಮೂಲೆಯಲ್ಲಿ ಮಳೆಯ ನೀರು ಸೋರಿ ಕಲೆಯಾಗಿತ್ತು. ಆಕೆ ಕಲೆಯಿದ್ದ ಅಂಚನ್ನು ಕತ್ತರಿಸಿ, ಬಣ್ಣವನ್ನು ಗಾಢಮಾಡಿ, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನಲ್ಲಿ ನಿಂತ ಒಬ್ಬೊಬ್ಬ ಹುಡುಗಿಯ ಮುಖಕ್ಕೂ ಹೆಸರನ್ನು ಸೇರಿಸಿದಳು. ಕೆಲವು ವರ್ಷಗಳಾದ ಮೇಲೆ ಹೊಸ ಕಂಪ್ಯೂಟರು ಬಂದಿತು. ಫೋಟೋಗಳನ್ನೆಲ್ಲ ಜೋಪಾನವಾಗಿ ಅದಕ್ಕೆ ಸಾಗಿಸಿದ್ದಾಯಿತು. ತೆರೆದು ನೋಡಿದರೆ ಮಾಸಿದ ಚಿತ್ರವೂ ಮಳೆಯ ಕಲೆಯೂ ಹಾಗೆಯೇ ಇವೆ, ಹೆಸರುಗಳು ಒಂದೂ ಇಲ್ಲ. ಬಣ್ಣವನ್ನು ಮತ್ತೊಮ್ಮೆ ತಿದ್ದಬಹುದು. ಹೆಸರುಗಳನ್ನು ಹೇಳಿಕೊಟ್ಟ ತಾಯಿಯು ಅಷ್ಟು ಹೊತ್ತಿಗೆ ಇಲ್ಲದೆ ಹೋಗಿದ್ದರೆ ಅವನ್ನು ಯಾರನ್ನು ಕೇಳುವುದು?

ಇದರ ಕಾರಣವನ್ನು ತಿಳಿಯಬೇಕಾದರೆ ತಿದ್ದುವ ಕ್ರಮವನ್ನು ಸ್ವಲ್ಪ ನೋಡಬೇಕು. ಹಿಂದಿನ ಸ್ಟುಡಿಯೋಗಳಲ್ಲಿ ಮುಖದ ಮೇಲಿನ ಕಲೆಗಳನ್ನು ಮರೆಮಾಡುವುದಕ್ಕೆ ನೆಗೆಟಿವಿನ ಮೇಲೆಯೇ ಸಣ್ಣ ಸೀಸದ ಕಡ್ಡಿಯಿಂದ ಗೀಚುತ್ತಿದ್ದರು. ತಿದ್ದುಪಡಿಯು ವಸ್ತುವಿನಲ್ಲಿಯೇ ನಿಲ್ಲುತ್ತಿತ್ತು. ಈಗಿನ ಅನೇಕ ಸಾಫ್ಟ್‌ವೇರುಗಳು ಮೂಲ ಚಿತ್ರವನ್ನು ಮುಟ್ಟುವುದೇ ಇಲ್ಲ. “ಎಡದಿಂದ ಇಷ್ಟು ಕತ್ತರಿಸು, ಬೆಳಕನ್ನು ಇಷ್ಟು ಏರಿಸು” ಎಂಬ ಅಪ್ಪಣೆಗಳನ್ನು ಬೇರೊಂದು ಕಡೆಯಲ್ಲಿ ಬರೆದಿಟ್ಟುಕೊಂಡು, ನಾವು ಚಿತ್ರವನ್ನು ತೆರೆದಾಗಲೆಲ್ಲ ಅವನ್ನು ನಡೆಸಿ ತೋರಿಸುವುವು. ದರ್ಜಿಯು ಬಟ್ಟೆಯನ್ನು ಕತ್ತರಿಸದೆ, ಅಳತೆಯ ಚೀಟಿಯನ್ನು ಮಾತ್ರ ಅದಕ್ಕೆ ಚುಚ್ಚಿಟ್ಟಂತೆ ಇದು. ಮೂಲವು ಕೆಡುವುದಿಲ್ಲ, ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು. ಇದು ನಿಜವಾಗಿಯೂ ದೊಡ್ಡ ಅನುಕೂಲವೇ ಸರಿ. ಆದರೆ ಆ ಚೀಟಿಯ ಬರವಣಿಗೆಯು ಆ ದರ್ಜಿಗೊಬ್ಬನಿಗೇ ಅರ್ಥವಾಗತಕ್ಕದ್ದು. ಬಟ್ಟೆಯನ್ನು ಇನ್ನೊಬ್ಬನ ಅಂಗಡಿಗೆ ಕೊಂಡೊಯ್ದರೆ ಅವನ ಕಣ್ಣಿಗೆ ಹೊಲಿಯದ ಬಟ್ಟೆಯಷ್ಟೇ ಕಾಣುವುದು.

ಇದಕ್ಕೆ ನಮ್ಮ ಮನೆಗಳಲ್ಲಿ ಚೆನ್ನಾಗಿ ಪರಿಚಿತವಾದ ನಿದರ್ಶನವು ಪಿಕಾಸಾ. ಗೂಗಲ್ ಕಂಪನಿಯವರು 2004ರಲ್ಲಿ ಇದನ್ನು ಕೊಂಡುಕೊಂಡು, ಯಾವ ಹಣವನ್ನೂ ಕೇಳದೆ ಸರ್ವರಿಗೂ ದೊರಕುವಂತೆ ಮಾಡಿದ್ದರು. ಬಳಕೆಯೂ ಸುಲಭವಾಗಿದ್ದುದರಿಂದ ಮದುವೆಯ, ಶಾಲೆಯ ವಾರ್ಷಿಕೋತ್ಸವದ, ಪ್ರವಾಸದ ಚಿತ್ರಗಳೆಲ್ಲ ಅದರೊಳಗೆ ಸೇರಿದವು. 2016ರ ಮಾರ್ಚ್ ತಿಂಗಳಲ್ಲಿ ಕಂಪನಿಯವರು ಅದಕ್ಕೆ ತಮ್ಮ ಬೆಂಬಲವನ್ನು ನಿಲ್ಲಿಸಿದರು. ಪಿಕಾಸಾ ಮಾಡುತ್ತಿದ್ದುದೇನೆಂದರೆ, ಪ್ರತಿಯೊಂದು ಫೋಲ್ಡರಿನಲ್ಲಿಯೂ ಕಣ್ಣಿಗೆ ಕಾಣದಂತೆ ಒಂದು ಸಣ್ಣ ಫೈಲನ್ನು ಇಟ್ಟು, ಯಾವ ಚಿತ್ರಕ್ಕೆ ಯಾವ ತಿದ್ದುಪಡಿಯೆಂಬುದನ್ನು ಅದರಲ್ಲಿ ಬರೆದುಕೊಳ್ಳುತ್ತಿತ್ತು. ನಾವು ‘ಸೇವ್’ ಎಂಬುದನ್ನು ಒತ್ತಿದರೆ ಮಾತ್ರ ತಿದ್ದಿದ ರೂಪವು ನಿಜವಾದ ಚಿತ್ರವಾಗಿ ನಿಲ್ಲುತ್ತಿತ್ತು. ಆಗ ಮೂಲವು ಮರೆಯಲ್ಲಿರುವ ಇನ್ನೊಂದು ಫೋಲ್ಡರಿಗೆ ಹೋಗಿ ಸೇರುತ್ತಿತ್ತು. ತೆರೆಯ ಮೇಲೆ ಅಂದವಾಗಿ ಕಂಡಿತಲ್ಲಾ ಎಂದು ಎಷ್ಟೋ ಮಂದಿ ಆ ಗುಂಡಿಯನ್ನು ಒತ್ತಲೇ ಇಲ್ಲ. ಒತ್ತಿದವರಿಗೆ ಇನ್ನೊಂದು ಅಪಾಯವಿತ್ತು: ಫೋಲ್ಡರನ್ನು ಇಡಿಯಾಗಿ ಸಾಗಿಸದೆ, ಕಣ್ಣಿಗೆ ಕಂಡ ಚಿತ್ರಗಳನ್ನಷ್ಟೇ ಪೆನ್ ಡ್ರೈವಿಗೆ ಹಾಕಿಕೊಂಡವರು ಮೂಲಗಳನ್ನು ಹಳೆಯ ಕಂಪ್ಯೂಟರಿನಲ್ಲಿಯೇ ಬಿಟ್ಟುಬಂದರು.

ಹಣ ಕೊಟ್ಟು ಕೊಂಡವರ ಪಾಡು ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. ಆಪಲ್ ಕಂಪನಿಯವರ ಅಪರ್ಚರ್ ಎಂಬುದು 2005ರಲ್ಲಿ ಹುಟ್ಟಿತು. 2014ರಲ್ಲಿ ಅದರ ಬೆಳವಣಿಗೆಯನ್ನು ನಿಲ್ಲಿಸುವುದಾಗಿ ಸಾರಿದರು. 2019ರಲ್ಲಿ ಬಂದ ಅವರದೇ ಕಂಪ್ಯೂಟರುಗಳ ಹೊಸ ವ್ಯವಸ್ಥೆಯಲ್ಲಿ ಅದು ನಡೆಯದಾಯಿತು. ಅಡೋಬಿ ಕಂಪನಿಯವರ ಲೈಟ್‌ರೂಮ್ ಕ್ಲಾಸಿಕ್ ಎಂಬುದಕ್ಕೆ ಚಂದಾ ಕಟ್ಟುತ್ತಿರಬೇಕು. ಚಂದಾ ನಿಂತರೂ ಚಿತ್ರಗಳನ್ನು ನೋಡಿ ಹೊರತೆಗೆಯುವುದಕ್ಕೆ ಅವಕಾಶವುಂಟು, ತಿದ್ದುವ ಕೋಣೆಗೆ ಮಾತ್ರ ಬೀಗ ಬೀಳುವುದು. ಇಷ್ಟು ದಾಕ್ಷಿಣ್ಯವಾದರೂ ಇರುವುದು ಒಳ್ಳೆಯದೇ.

ಈಗ ಹೆಚ್ಚಿನ ಚಿತ್ರಗಳು ಮೊಬೈಲಿನಲ್ಲಿರುವುದರಿಂದ ಅದರ ವಿಷಯವನ್ನೂ ಹೇಳಬೇಕು. ಐಫೋನಿನಲ್ಲಿ ತಿದ್ದಿದ ಚಿತ್ರಗಳನ್ನು ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿದಾಗ, ಒಂದೇ ಚಿತ್ರಕ್ಕೆ ಎರಡು ಮೂರು ಫೈಲುಗಳು ಬರುವುದುಂಟು. ಒಂದು ಮೂಲ; ಹೆಸರಿನ ನಡುವೆ ‘ಇ’ ಅಕ್ಷರ ಸೇರಿರುವುದು ತಿದ್ದಿದ ರೂಪ; ‘ಎಎಇ’ ಎಂದು ಕೊನೆಯಾಗುವ ಪುಟ್ಟ ಫೈಲು ಮೇಲೆ ಹೇಳಿದ ಅಳತೆಯ ಚೀಟಿ. ಕಸವೆಂದು ತಿಳಿದು ಸಿಕ್ಕಿದ್ದನ್ನು ಅಳಿಸಬಾರದು. ಗೂಗಲ್ ಫೋಟೋಸಿನಲ್ಲಿ ಇಟ್ಟಿರುವವರು ಟೇಕ್‌ಔಟ್ ಎಂಬ ಏರ್ಪಾಟಿನಿಂದ ತಮ್ಮ ಸಂಗ್ರಹವನ್ನೆಲ್ಲ ತರಿಸಿಕೊಳ್ಳಬಹುದು. ಅಲ್ಲಿ ಮೂಲವೂ, ‘ಎಡಿಟೆಡ್’ ಎಂಬ ಪದ ಸೇರಿದ ತಿದ್ದಿದ ಚಿತ್ರವೂ ಬೇರೆಬೇರೆಯಾಗಿ ಬರುವುವು.

ಹಾಗಾದರೆ ಮಾಡತಕ್ಕದ್ದೇನು? ಹಳೆಯ ಸಾಫ್ಟ್‌ವೇರು ಇನ್ನೂ ತೆರೆಯುತ್ತಿರುವಾಗಲೇ, ತಿದ್ದಿದ ಪ್ರತಿಯೊಂದು ಚಿತ್ರವನ್ನೂ ಅದರಿಂದಲೇ ‘ಎಕ್ಸ್‌ಪೋರ್ಟ್’ ಮಾಡಿಸಿ, ಸ್ವತಂತ್ರವಾದ ಚಿತ್ರವಾಗಿ ಹೊಸ ಫೋಲ್ಡರಿನಲ್ಲಿ ಇರಿಸಬೇಕು. ದರ್ಜಿಯು ಅಂಗಡಿ ಮುಚ್ಚುವ ಮುನ್ನ ಅವನ ಕೈಯಲ್ಲಿಯೇ ಹೊಲಿಸಿಕೊಂಡಂತೆ. ಪಿಕಾಸಾದಲ್ಲಿಯೂ ಈ ಏರ್ಪಾಟು ಇದೆ. ಹಳೆಯ ವಿಂಡೋಸ್ ಕಂಪ್ಯೂಟರು ಮನೆಯ ಅಟ್ಟದಲ್ಲಿದ್ದರೆ ಅದನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ಹಚ್ಚಿ ನೋಡುವುದು ಯುಕ್ತ. ಎಕ್ಸ್‌ಪೋರ್ಟ್ ಮಾಡುವಾಗ ಅಳತೆಯನ್ನು ಕೇಳಿದರೆ ಮೂಲದ ಅಳತೆಯನ್ನೇ ಆರಿಸಬೇಕು. ವಾಟ್ಸಾಪಿನಲ್ಲಿ ಕಳುಹಿಸಲು ಸಾಕಾಗುವ ಸಣ್ಣ ಚಿತ್ರವು ಮುಂದೆ ಚೌಕಟ್ಟು ಹಾಕಿಸುವುದಕ್ಕೆ ಒದಗಲಾರದು. ಜೆಪೆಗ್ ಎಂಬ ಬಗೆಯನ್ನು ಎಲ್ಲ ಯಂತ್ರಗಳೂ ಓದುವುವು, ಆದರೆ ಅದನ್ನು ತಿದ್ದಿ ಉಳಿಸಿದಷ್ಟು ಸಲವೂ ಸ್ವಲ್ಪ ಸ್ವಲ್ಪ ಸವೆಯುವುದು. ಆದುದರಿಂದ ಉತ್ತಮ ಗುಣಮಟ್ಟವನ್ನು ಆರಿಸಿ ಒಂದೇ ಸಲ ಮಾಡಿಬಿಡಬೇಕು. ಬಹಳ ಬೆಲೆಬಾಳುವ ಹತ್ತಿಪ್ಪತ್ತು ಚಿತ್ರಗಳಿಗೆ ಟಿಫ್ ಎಂಬ ಬಗೆಯು ಮೇಲು, ಅದು ಹೆಚ್ಚು ಜಾಗವನ್ನು ತಿನ್ನುವುದಾದರೂ ಹಾಗೆ ಸವೆಯುವುದಿಲ್ಲ. ತಿದ್ದಿದ ರೂಪವು ಕೈಸೇರಿತೆಂದು ಮೂಲವನ್ನು ಎಸೆಯುವುದು ಸರಿಯಲ್ಲ. ಇಂದು ನಾವು ಮೆಚ್ಚಿ ಹಚ್ಚಿದ ಬಣ್ಣವು ನಾಳೆ ನಮ್ಮ ಮಕ್ಕಳಿಗೆ ಹಿಡಿಸದಿರಬಹುದು.

ಹೆಸರುಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ಮುಖಗಳಿಗೆ ಕೊಟ್ಟ ಹೆಸರುಗಳೂ ಆಲ್ಬಮ್ಮುಗಳ ವಿಂಗಡಣೆಯೂ ಬಹುಮಟ್ಟಿಗೆ ಸಾಫ್ಟ್‌ವೇರಿನ ಸ್ವಂತ ಕಡತದಲ್ಲಿರುವುವು. ಚಿತ್ರದ ಜೊತೆಯಲ್ಲಿ ಹೊರಡುವುವೆಂಬ ಭರವಸೆಯಿಲ್ಲ. ಚಿತ್ರಕ್ಕೆ ಬರೆದ ಶೀರ್ಷಿಕೆಯನ್ನು ಚಿತ್ರದ ಫೈಲಿನೊಳಗೇ ಸೇರಿಸುವ ಏರ್ಪಾಟು ಇದ್ದರೆ ಅದನ್ನು ಬಳಸತಕ್ಕದ್ದು. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಕ್ರಮದಲ್ಲಿ ಬೆರಳಚ್ಚು ಮಾಡಿದ ಹೆಸರುಗಳು, ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅವಶ್ಯಕ. ಇದಾವುದೂ ಕೈಗೆ ಹತ್ತದವರು ಗ್ರೂಪ್ ಫೋಟೋದ ಒಂದು ಪ್ರತಿಯನ್ನು ಮುದ್ರಿಸಿ, ಹಿಂಭಾಗದಲ್ಲಿ ಎಡದಿಂದ ಬಲಕ್ಕೆ, ಸಾಲುಸಾಲಾಗಿ, ಮೆದುವಾದ ಪೆನ್ಸಿಲಿನಿಂದ ಹೆಸರುಗಳನ್ನು ಬರೆದಿಡಲಿ. ನಮ್ಮ ಅಜ್ಜಿಯರ ಕಾಲದ ಈ ಪದ್ಧತಿಗೆ ಯಾವ ಕಂಪನಿಯ ಬೆಂಬಲವೂ ಬೇಡ.

ಇಷ್ಟೆಲ್ಲ ಆದ ಬಳಿಕ, ಹೊಸ ಫೋಲ್ಡರನ್ನು ಹಳೆಯ ಸಾಫ್ಟ್‌ವೇರಿಲ್ಲದ ಬೇರೊಂದು ಯಂತ್ರದಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿಯೋ ನೆರೆಯವರ ಕಂಪ್ಯೂಟರಿನಲ್ಲಿಯೋ, ತೆರೆದು ಹತ್ತು ಚಿತ್ರಗಳನ್ನಾದರೂ ಪರೀಕ್ಷಿಸಬೇಕು. ಕತ್ತರಿಸಿದ ಅಂಚು ಕತ್ತರಿಸಿದಂತೆಯೇ ಇದೆಯೇ, ಬಣ್ಣವು ನಾವು ಬಿಟ್ಟಂತೆಯೇ ಇದೆಯೇ, ಹೆಸರುಗಳು ಓದಲು ಬರುತ್ತವೆಯೇ ಎಂಬುದನ್ನು ನೋಡಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿಯನ್ನು ಇಟ್ಟು, ಅದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಿಸಿದ ಮೇಲೆ, ಹಳೆಯ ಕಂಪ್ಯೂಟರನ್ನು ಧಾರಾಳವಾಗಿ ಗುಜರಿಯವನಿಗೆ ಕೊಡಬಹುದು.