ಏಳರ ಕೈಯಲ್ಲಿ ಸಾಲ್ಡರಿಂಗ್ ಐರನ್

ರೋಬಾಟ್ ಆಕಾರದ ಪುಟ್ಟ ಸರ್ಕ್ಯೂಟ್ ಬೋರ್ಡ್. ಕಣ್ಣಿನ ಜಾಗದಲ್ಲಿ ತೂತುಗಳು. ಮಗು ಅವುಗಳಲ್ಲಿ ಎಲ್‌ಇಡಿ ದೀಪದ ಕಾಲುಗಳನ್ನು ತೂರಿಸಬೇಕು. ಉದ್ದನೆಯ ಕಾಲು ಪ್ಲಸ್ ಕಡೆಗೆ. ಆಮೇಲೆ ಬೋರ್ಡ್ ಮಗುಚಿ, ಸಾಲ್ಡರಿಂಗ್ ಐರನ್ನಿನ ತುದಿಯನ್ನು ಕಾಲಿಗೂ ಸುತ್ತಲಿನ ತಾಮ್ರಕ್ಕೂ ಒಟ್ಟಿಗೆ ತಾಗಿಸಿ, ಒಂದು, ಎರಡು ಎಂದು ಎಣಿಸಿ ಸಾಲ್ಡರ್ ತಂತಿ ಮುಟ್ಟಿಸಿದರೆ ಅದು ಕರಗಿ ಕಾಲಿನ ಸುತ್ತ ಹರಿದು ಗಟ್ಟಿಯಾಗುತ್ತದೆ. ತುದಿಯ ಬಿಸಿ ಸುಮಾರು 350 ಡಿಗ್ರಿ ಸೆಲ್ಸಿಯಸ್. ಹಿಡಿದಿರುವುದು ಏಳೆಂಟು ವರ್ಷದ ಕೈ. ಹಿಂದೆ ನಿಂತ ಅಮ್ಮ ಉಸಿರು ಬಿಗಿಹಿಡಿದಿರುತ್ತಾಳೆ. ಬಟನ್ ಸೆಲ್ ಕೂರಿಸಿದ್ದೇ ತಡ, ರೋಬಾಟ್ ಕಣ್ಣು ಮಿಟುಕಿಸುತ್ತದೆ.

ಅಮೆರಿಕದ ‘ಮೇಕರ್ ಫೇರ್’ನಲ್ಲಿ ಮಕ್ಕಳು ಮುತ್ತಿಕೊಳ್ಳುವ ಮೇಜುಗಳಲ್ಲಿ ಇದೂ ಒಂದು. ಡೇಲ್ ಡೌಹರ್ಟಿ 2005ರಲ್ಲಿ ‘ಮೇಕ್’ ಎಂಬ ಪತ್ರಿಕೆ ತಂದರು. ಮರುವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದಲ್ಲಿ ಮೊದಲ ಮೇಳ ನಡೆಯಿತು. ಮನೆಯ ಗ್ಯಾರೇಜಿನಲ್ಲಿ ಏನೇನೋ ಕಟ್ಟುತ್ತ ಕುಳಿತವರೆಲ್ಲ ತಮ್ಮ ಸಾಮಾನು ಹೊತ್ತು ತಂದರು. ಇದು ವಿಜ್ಞಾನ ಪ್ರದರ್ಶನಕ್ಕಿಂತ ಊರ ಜಾತ್ರೆಗೇ ಹತ್ತಿರ: ಸದ್ದು, ಧೂಳು, ನೂಕುನುಗ್ಗಲು.

ಈ ಜಾತ್ರೆಯ ಅಂಬಾರಿ ಎಂದರೆ ರಸೆಲ್ ಎಂಬ ವಿದ್ಯುತ್ ಜಿರಾಫೆ. ಲಿಂಡ್ಸೆ ಲಾಲರ್ ಅದನ್ನು ಕಟ್ಟಿದ್ದು ಕೈಯಗಲದ ಜಪಾನಿ ಆಟಿಕೆಯೊಂದರ ನಡಿಗೆಯನ್ನೇ ಹಿಗ್ಗಿಸಿ. ಎತ್ತರ 17 ಅಡಿ. 2014ರಲ್ಲಿ ಶ್ವೇತಭವನದಲ್ಲಿ ಇಂಥ ಮೇಳ ನಡೆದಾಗ ಅದು ಅಲ್ಲಿಗೂ ಹೋಗಿತ್ತು. ಅಷ್ಟು ದೊಡ್ಡದರ ಬೇರು ಒಂದು ಆಟಿಕೆ ಎಂದು ಹೇಳಿದರೆ ಮಕ್ಕಳು ಅದನ್ನು ನೋಡುವ ರೀತಿಯೇ ಬದಲಾಗುತ್ತದೆ.

ಮತ್ತೆ ಮೇಜಿನ ಬಳಿಗೆ ಬಂದರೆ, ಐದು ತುಂಬದವರಿಗೆ ಸಾಲ್ಡರಿಂಗ್ ಬೇಡ. ಅವರಿಗೆ ರಟ್ಟು, ಅಂಟುಪಟ್ಟಿ, ಕೆಟ್ಟ ಪ್ರಿಂಟರಿನ ಸ್ಕ್ರೂ ಬಿಚ್ಚುವ ಕೆಲಸ ಸಾಕು. ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕೆಂಬ ಕಟ್ಟುಪಾಡಿಲ್ಲದಿರುವುದೇ ಅವರಿಗೆ ಹಬ್ಬ. ದೊಡ್ಡ ಮಕ್ಕಳಿಗೆ ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು ಇರಲಿ, ಉದ್ದ ಕೂದಲಿದ್ದರೆ ಜಡೆ ಹಾಕಿರಲಿ. ಸಾಲ್ಡರ್ ಮುಟ್ಟಿದ ಕೈ ತೊಳೆಯದೆ ತಿಂಡಿ ಕೊಡಬಾರದು.

ದೀಪ ಹತ್ತದಿದ್ದರೆ? ಹೆಚ್ಚಿನ ಸಲ ಕಾಲುಗಳು ಅದಲುಬದಲಾಗಿರುತ್ತವೆ. ಬೆಸುಗೆಯನ್ನು ಮತ್ತೆ ಕಾಯಿಸಿ, ತಾಮ್ರದ ಬತ್ತಿಯಿಂದ ಹೀರಿಸಿ, ದೀಪ ತಿರುಗಿಸಿ ಕೂರಿಸಿದರಾಯಿತು. ಈ ಎರಡನೇ ಸಲದ ಕೆಲಸದಲ್ಲೇ ಮಗು ನಿಜವಾಗಿ ಕಲಿಯುವುದು. ಅಪ್ಪ ಅಮ್ಮ ಅದನ್ನು ಕಿತ್ತುಕೊಂಡು ತಾವೇ ಮಾಡಿಕೊಡಬಾರದು.

2019ರಲ್ಲಿ ಹಣದ ಮುಗ್ಗಟ್ಟಿನಿಂದ ಮೇಳ ನಡೆಸುತ್ತಿದ್ದ ಸಂಸ್ಥೆ ಬಾಗಿಲು ಹಾಕಿತು. ಡೌಹರ್ಟಿ ಸೋಲೊಪ್ಪದೆ ಹೊಸದಾಗಿ ಕಟ್ಟಿದರು. 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡಿನ ಹಳೆಯ ನೌಕಾಪಡೆಯ ಹಡಗುಕಟ್ಟೆಯಲ್ಲಿ ಮೇಳ ಮತ್ತೆ ನೆರೆಯಿತು.

ಟಿಕೆಟ್ ಕೊಂಡಿದ್ದೇವೆಂದು ಎಲ್ಲವನ್ನೂ ತೋರಿಸಲು ಮಕ್ಕಳನ್ನು ಎಳೆದಾಡಬೇಕಿಲ್ಲ. ಎರಡು ಗಂಟೆ ಒಂದೇ ಮೇಜು ಬಿಟ್ಟೇಳದಿದ್ದರೂ ಸರಿಯೇ. ರಸೆಲ್ ಬಂದಿದ್ದರೆ, ಆ ಕಡೆಗೇ ಒಮ್ಮೆ ನಡೆದು ಬಂದಾನು.