ಅಜ್ಜನ ಸೈಕಲ್ಲಿಗೆ ಹೊಸ ಹಲ್ಲು

ಬಾಗಿದ ಹ್ಯಾಂಡಲ್, ತೆಳ್ಳನೆಯ ಚಕ್ರ, ಹಿಂದಿನ ಗಾಲಿಗೆ ಐದಾರು ಹಲ್ಲುಚಕ್ರ. ಇಂಥ ಹಳೆಯ ರೇಸಿಂಗ್ ಸೈಕಲ್ ನಿಮ್ಮ ಮನೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿದೆಯೇ? ಗುಜರಿಗೆ ಹಾಕುವ ಮುನ್ನ ಅದರ ಹಿಂದಿನ ಗೇರುಗಳನ್ನೊಮ್ಮೆ ನೋಡಿ.

ಸವೆದ ಹಲ್ಲು ಕೊಕ್ಕೆಯಂತೆ ಬಾಗಿರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಚೈನು ಜಾರಿ, ಸವಾರ ರಸ್ತೆಗೆ ಬೀಳಬಹುದು. ಆದ್ದರಿಂದ ಮೊದಲು ಚೈನನ್ನು ಅಳೆಯಿರಿ. ಒಂದು ಪಿನ್ನಿನಿಂದ ಮುಂದಿನದಕ್ಕೆ ಅರ್ಧ ಇಂಚು. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು. ಅದು 1/16 ಇಂಚು ಹಿಗ್ಗಿದ್ದರೆ ಚೈನು ಬದಲಿಸಿ. 1/8 ಇಂಚು ಹಿಗ್ಗಿದ್ದರೆ ಹಲ್ಲುಗಳೂ ಸವೆದಿವೆ ಎಂದೇ ಅರ್ಥ. ಎರಡನ್ನೂ ಒಟ್ಟಿಗೇ ಬದಲಿಸಿ.

ಎಷ್ಟು ಹಲ್ಲಿನದು ಬೇಕು? ಮಕ್ಕಳೇ, ಇದು ನಿಮ್ಮ ಭಾಗಾಕಾರದ ಲೆಕ್ಕ. ಮುಂದೆ 42 ಹಲ್ಲು, ಹಿಂದೆ 14 ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ 3 ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್ ಎಂದರೆ, ಸೈಕಲ್ 6.3 ಮೀಟರ್ ಸಾಗುತ್ತದೆ. ಹಿಂದೆ 28 ಹಲ್ಲಿದ್ದರೆ 3.15 ಮೀಟರ್ ಮಾತ್ರ. ದೂರ ಅರ್ಧ, ತುಳಿಯುವ ಬಲವೂ ಅರ್ಧ! ಅಜ್ಜನ ಮೊಣಕಾಲಿಗೂ ಮೊಮ್ಮಗಳ ಪುಟ್ಟ ಕಾಲಿಗೂ ಏರಿನಲ್ಲಿ ಇದೇ ಹಿತ.

ಹಗುರ ಗೇರು ಬೇಕೆನ್ನಲು ನಾಚಿಕೆ ಬೇಡ. ಟೂರ್ ದ ಫ್ರಾನ್ಸ್‌ನ ವೃತ್ತಿಪರ ಸವಾರರಿಗೆ 1937ರವರೆಗೆ ಗೇರು ಬದಲಿಸುವ ಡಿರೇಲರ್ ಬಳಸಲು ಅನುಮತಿ ಇರಲಿಲ್ಲ. ಬೆಟ್ಟ ಬಂದರೆ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು!

ಇನ್ನು ಅಂಗಡಿಗೆ ಹೋಗುವ ಮುನ್ನ ಮೂರು ಪರೀಕ್ಷೆಗಳು.

ಒಂದು: ಗಾಲಿ ಬಿಚ್ಚಿ ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಸಾಧನ ಕೂರುವ ಕಚ್ಚುಗಳು ತಿರುಗದೆ ನಿಂತಿದ್ದರೆ ಅದು ತಿರುಪಿನ ಫ್ರೀವೀಲ್. ಜೊತೆಗೇ ತಿರುಗಿದರೆ ಕ್ಯಾಸೆಟ್. ಒಂದರ ಜಾಗಕ್ಕೆ ಇನ್ನೊಂದು ಕೂರದು. ಹಳೆಯ ಫ್ರೆಂಚ್ ಸೈಕಲ್ಲುಗಳ ತಿರುಪಿನ ಅಳತೆಯೇ ಬೇರೆ. ಬಲವಂತವಾಗಿ ತಿರುಗಿಸಿದರೆ ಗಾಲಿಯ ನಡುಭಾಗವೇ ಹಾಳಾದೀತು.

ಎರಡು: ಚೌಕಟ್ಟಿನ ಹಿಂಗಾಲುಗಳ ಒಳಅಂತರ ಅಳೆಯಿರಿ. ಹಳೆಯ ಐದು ಗೇರಿನವು ಸಾಮಾನ್ಯವಾಗಿ 120 ಮಿಲಿಮೀಟರ್, ಆರು ಗೇರಿನವು 126. ಎಂಟು ಗೇರಿನ ಗಾಲಿಗೆ 130 ಬೇಕು. ಹೊಸತೆಂದು ಆಸೆಪಡದೆ, ಮೊದಲಿದ್ದಷ್ಟೇ ಗೇರಿನದನ್ನು ಕೊಳ್ಳುವುದು ಕ್ಷೇಮ.

ಮೂರು: ಡಿರೇಲರ್ ಎಷ್ಟು ದೊಡ್ಡ ಹಲ್ಲುಚಕ್ರವನ್ನು ತಾಳುತ್ತದೆಂದು ಮೆಕ್ಯಾನಿಕ್ಕನ್ನು ಕೇಳಿ. ಹಳೆಯ ರೇಸಿಂಗ್ ಡಿರೇಲರ್‌ಗಳಲ್ಲಿ ಹಲವು 26 ಅಥವಾ 28 ಹಲ್ಲಿಗೇ ಸುಸ್ತಾಗುತ್ತವೆ. ಹಲ್ಲು ಹೆಚ್ಚಿದರೆ ಚೈನೂ ಉದ್ದವಾಗಬೇಕು.

ಹಳೆಯ ಬಿಡಿಭಾಗವನ್ನು ಕೈಯಲ್ಲೇ ಹಿಡಿದು ಹೋಗಿ. ನೂರು ಮಾತಿಗಿಂತ ಅದೇ ಮೇಲು. ಹೊಸದನ್ನು ಹಾಕಿಸಿದ ಮೇಲೆ ಮೊದಲ ಸವಾರಿ ಸಮತಟ್ಟಾದ ಮೈದಾನದಲ್ಲಿರಲಿ. ಎಲ್ಲ ಗೇರುಗಳೂ ಜಾರದೆ ಬಿದ್ದರೆ, ಆಮೇಲೆ ಏರಿಗೆ ಹೊರಡಬಹುದು.